ಓದುಗರ ಪ್ರಶ್ನೆ: ಮ್ಯಾಕ್‌ಬೆತ್ ಕೈಗೆ ಕಠಾರಿ ಕೊಟ್ಟವರು ಯಾರು?

ಮ್ಯಾಕ್‌ಬೆತ್‌ನನ್ನು ಕೊಲೆಗೆ ತಳ್ಳಿದ್ದು ಮಾಟಗಾತಿಯರೋ, ಹೆಂಡತಿಯೋ, ಅವನದೇ ಆಸೆಯೋ? ಮೂರನ್ನೂ ಬರೆದರೂ ಪರೀಕ್ಷೆಯಲ್ಲಿ ಅಂಕ ಬರುತ್ತಿಲ್ಲ.
— ಬಿ.ಎ. ವಿದ್ಯಾರ್ಥಿನಿ, ಹಾಸನ

ಮೂರು ಕಾರಣಗಳ ಪಟ್ಟಿ ಗೈಡುಗಳಲ್ಲೇ ಇದೆ. ಯಾವುದು ಯಾವಾಗ ಬಂತು, ಬಂದು ಏನು ಮಾಡಿತು ಎಂಬುದನ್ನು ಬರೆಯಿರಿ. ಶೇಕ್ಸ್‌ಪಿಯರ್‌ನ ನಾಟಕದ ಮೊದಲ ಅಂಕದ 3, 4 ಮತ್ತು 7ನೇ ದೃಶ್ಯಗಳನ್ನು ಪೆನ್ಸಿಲ್ ಹಿಡಿದು ಓದಿದರೆ ಸಾಕು.

3ನೇ ದೃಶ್ಯದಲ್ಲಿ ಮಾಟಗಾತಿಯರು ಅವನನ್ನು ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದಿನ ರಾಜ ಎಂದು ಕರೆಯುತ್ತಾರೆ. ಈಗಿನ ರಾಜ ಡಂಕನ್‌ನನ್ನು ಕೊಲ್ಲು ಎಂದು ಯಾರೂ ಹೇಳುವುದಿಲ್ಲ. ಆದರೂ ಅವನು ಬೆಚ್ಚಿಬೀಳುತ್ತಾನೆ. ಇಷ್ಟು ಒಳ್ಳೆಯ ಮಾತಿಗೆ ಭಯವೇಕೆ ಎಂದು ಪಕ್ಕದಲ್ಲಿದ್ದ ಜೊತೆ ಸೇನಾನಿ ಬ್ಯಾಂಕೋ ಕೇಳುತ್ತಾನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ರಾಜಹತ್ಯೆಯ ಯೋಚನೆಯನ್ನು ಮೊದಲು ಬಾಯಿಗೆ ತರುವವನು ಮ್ಯಾಕ್‌ಬೆತ್, ಅದೂ ಸ್ವಗತದಲ್ಲಿ. ಕಾಡರ್ ಪದವಿಯನ್ನು ರಾಜ ಹಿಂದಿನ ದೃಶ್ಯದಲ್ಲೇ ಕೊಟ್ಟಾಗಿತ್ತು. ಪ್ರೇಕ್ಷಕರಿಗೆ ಅದು ಹಳೆಯ ಸುದ್ದಿ, ಅವನಿಗೆ ಮಾತ್ರ ಭವಿಷ್ಯವಾಣಿ.

4ನೇ ದೃಶ್ಯವನ್ನು ವಿದ್ಯಾರ್ಥಿಗಳು ಹಾರಿಸಿಬಿಡುತ್ತಾರೆ. ಅಲ್ಲಿಯವರೆಗೆ ಅವನಿಗೆ ಒಂದು ನೆಪ ಇತ್ತು: ಅದೃಷ್ಟವಿದ್ದರೆ ಕಿರೀಟ ತಾನಾಗಿ ಬರಲಿ, ನಾನೇಕೆ ಕೈ ಆಡಿಸಲಿ? ಅಂದಿನ ಸ್ಕಾಟ್ಲೆಂಡಿನಲ್ಲಿ ಪಟ್ಟ ತಂದೆಯಿಂದ ಮಗನಿಗೇ ಹೋಗಬೇಕೆಂಬ ಗಟ್ಟಿ ನಿಯಮ ಇರಲಿಲ್ಲ, ರಾಜವಂಶದ ಬೇರೆ ಕವಲಿನವನಿಗೂ ದಕ್ಕಬಹುದಿತ್ತು. ಇಲ್ಲಿ ಡಂಕನ್ ತನ್ನ ಮಗ ಮಾಲ್ಕಮ್‌ನನ್ನು ಉತ್ತರಾಧಿಕಾರಿ ಎಂದು ಸಾರುತ್ತಾನೆ. ಆ ನೆಪ ಅಲ್ಲಿಗೆ ಮುಗಿಯಿತು. ಅದೇ ಉಸಿರಿನಲ್ಲಿ, ಇನ್ವರ್ನೆಸ್‌ನಲ್ಲಿರುವ ನಿನ್ನ ಮನೆಗೆ ಬರುತ್ತೇನೆ ಎಂದೂ ಹೇಳುತ್ತಾನೆ. ಕಾರಣವೂ ಅವಕಾಶವೂ ಒಂದೇ ಬಾಯಿಂದ ಬರುತ್ತವೆ, ಅದೂ ಸಾಯಲಿರುವವನ ಬಾಯಿಂದ.

ಇನ್ನು 7ನೇ ದೃಶ್ಯ. ನಾನು ಅವನ ನೆಂಟ, ಪ್ರಜೆ, ಈ ರಾತ್ರಿ ಅವನಿಗೆ ಉಣಬಡಿಸುವ ಮನೆಯೊಡೆಯ ಎಂದು ಲೆಕ್ಕ ಹಾಕಿ, ಮ್ಯಾಕ್‌ಬೆತ್ ‘ಇದು ಇಲ್ಲಿಗೇ ಸಾಕು’ ಎಂದು ಹೆಂಡತಿಗೆ ಹೇಳಿಬಿಡುತ್ತಾನೆ. ಅವಳು ಸಿಂಹಾಸನದ ಆಸೆಯನ್ನು ಹೆಚ್ಚಿಸಲು ಹೋಗುವುದಿಲ್ಲ. ನೀನು ಗಂಡಸೇ ಎಂದು ಕೆಣಕುತ್ತಾಳೆ. ಈ ಮಾತನ್ನು ಮೊದಲು ಎತ್ತಿದವನು ನೀನೇ ಎಂದು ಆಣೆಯ ನೆನಪು ಮಾಡುತ್ತಾಳೆ. ಆಗ ಅವನು ಕೇಳುವ ಪ್ರಶ್ನೆಗೆ ಅಡಿಗೆರೆ ಹಾಕಿಕೊಳ್ಳಿ: ‘ಕೆಲಸ ಕೆಟ್ಟರೆ?’ ಪಾಪ-ಪುಣ್ಯದ ಮಾತು ಅಲ್ಲಿಗೆ ಮುಗಿದು ಸಿಕ್ಕಿಬೀಳುವ ಭಯವಷ್ಟೇ ಉಳಿದಿದೆ. ಅದಕ್ಕೂ ಅವಳ ಬಳಿ ಉತ್ತರ ಇದೆ. ಇಬ್ಬರು ಕಾವಲಿನವರಿಗೆ ಕಂಠಪೂರ್ತಿ ಕುಡಿಸುವುದು, ಅಪರಾಧವನ್ನು ಅವರ ತಲೆಗೆ ಕಟ್ಟುವುದು. ಅವರದೇ ಕಠಾರಿ ಬಳಸಿ ಮೈಗೆ ರಕ್ತ ಬಳಿಯೋಣ ಎಂದು ಸೇರಿಸುವವನು ಅವನೇ. ಇಷ್ಟನ್ನು ಕ್ರಮವಾಗಿ ಬರೆದರೆ ಮೂರು ಕಾರಣಗಳಿಗೂ ಜಾಗ ಸಿಗುತ್ತದೆ, ಹೊಣೆ ಯಾರದು ಎಂಬುದೂ ಮಸುಕಾಗುವುದಿಲ್ಲ.

ಯಕ್ಷಗಾನದ ಧಾಟಿಯಲ್ಲಿ ಆಡುತ್ತಿದ್ದೇವೆ. ಲೇಡಿ ಮ್ಯಾಕ್‌ಬೆತ್‌ಗೆ ಹೆಣ್ಣು ಬಣ್ಣ ಕಟ್ಟಬಹುದೇ?
— ಹವ್ಯಾಸಿ ತಂಡ, ಉಡುಪಿ

ಬೇಡ. ಹೆಣ್ಣು ಬಣ್ಣ ಎಂದರೆ ರಾಕ್ಷಸಿಯ ವೇಷ, ಅದು ಮಾಟಗಾತಿಯರಿಗೆ ಒಪ್ಪುತ್ತದೆ, ಇವಳಿಗೆ ಸ್ತ್ರೀವೇಷವೇ ಇರಲಿ. ನನ್ನೊಳಗಿನ ಹೆಣ್ಣುತನವನ್ನು ಕಿತ್ತುಹಾಕಿ ಎಂದು ಅವಳು ಭೂತಗಳನ್ನು ಬೇಡಿಕೊಳ್ಳುತ್ತಾಳೆ. ಹೆಣ್ಣು ಬಣ್ಣದಲ್ಲಿ ಬರುವ ಶೂರ್ಪನಖಿಗೆ ಅಂಥ ಬೇಡಿಕೆಯ ಅಗತ್ಯವೇ ಇಲ್ಲ. ಕೊಲೆಯ ರಾತ್ರಿ ಧೈರ್ಯಕ್ಕೆ ತಾನೂ ಕುಡಿದಿರುತ್ತಾಳೆ. ಮಲಗಿದ್ದ ಡಂಕನ್ ಅಪ್ಪನ ಹಾಗೆ ಕಾಣದಿದ್ದರೆ ತಾನೇ ಮುಗಿಸುತ್ತಿದ್ದೆ ಎನ್ನುತ್ತಾಳೆ. ಮೊದಲೇ ರಾಕ್ಷಸಿಯಾಗಿ ಬಂದವಳು ಐದನೇ ಅಂಕದಲ್ಲಿ ಕುಸಿದರೆ ನೋಡುವವರಿಗೆ ನಂಬಿಕೆ ಬರುವುದಿಲ್ಲ.

ರಂಗದ ಮೇಲೆ ಎಡವುವ ಎರಡು ಜಾಗಗಳಿವೆ. ಒಂದು, ಕೊಲೆ ಮಾಡಿದವನು ಎರಡೂ ಕಠಾರಿಗಳನ್ನು ಮರೆತು ಹೊರಗೆ ತರುತ್ತಾನೆ. ಅವು ಕಾವಲಿನವರ ಪಕ್ಕದಲ್ಲಿ ಇರಬೇಕಿತ್ತು. ಅವನು ಮತ್ತೆ ಒಳಗೆ ಹೋಗಲು ಒಲ್ಲ, ಅವಳೇ ಹೋಗಿಬರುತ್ತಾಳೆ, ಬಂದು ‘ನನ್ನ ಕೈಗೂ ನಿನ್ನದೇ ಬಣ್ಣ’ ಎನ್ನುತ್ತಾಳೆ. ಆದ್ದರಿಂದ ಬಣ್ಣದ ಬಟ್ಟಲು ಆ ಬದಿಯ ಪರದೆಯ ಹಿಂದೆಯೇ ಸಿದ್ಧವಿರಬೇಕು. ಆ ನಡುವೆ ಅವನಿಗಿರುವುದು ಒಂದು ಸಣ್ಣ ಮಾತು, ಬಾಗಿಲು ಬಡಿಯುವ ಸದ್ದು. ಇನ್ನೊಂದು, ನಿದ್ರೆಯಲ್ಲಿ ನಡೆಯುವಾಗ ಅವಳ ಕೈಯಲ್ಲಿ ದೀಪವಿರುತ್ತದೆ. ಅದನ್ನು ಎಲ್ಲಿ ಇಡುತ್ತಾಳೆ ಎಂದು ಮೊದಲೇ ಗೊತ್ತುಮಾಡಿ, ಇಲ್ಲವಾದರೆ ಕೈ ಉಜ್ಜುವುದು ಒಂದೇ ಕೈಯಲ್ಲಿ! ಆ ದೃಶ್ಯದಲ್ಲಿ ಅವಳ ಮಾತು ಗದ್ಯ. ಅದನ್ನು ಭಾಗವತರ ಪದ್ಯಕ್ಕೆ ಹಾಕಬೇಡಿ. ಇದೇ ನಾಟಕವನ್ನು ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ ಯಕ್ಷಗಾನದ ಅಂಶಗಳೊಂದಿಗೆ ‘ಬರ್ನಮ್ ವನ’ ಎಂದು ಹಿಂದಿಯಲ್ಲಿ ಆಡಿಸಿದ್ದರು.

ರಾಜನಾದ ಮೇಲೂ ಕೊಲೆ ನಿಲ್ಲಲಿಲ್ಲವೇಕೆ?
— ಶಿಕ್ಷಕರು, ಬೀದರ್

ತನಗೆ ಕಿರೀಟ, ಬ್ಯಾಂಕೋನ ಸಂತತಿಗೆ ರಾಜ್ಯ ಎಂಬ ಭವಿಷ್ಯ ಅವನನ್ನು ಕೊರೆಯುತ್ತದೆ. ಬ್ಯಾಂಕೋನನ್ನು ಮುಗಿಸಲು ಬಾಡಿಗೆ ಕೊಲೆಗಾರರನ್ನು ಒಪ್ಪಿಸುವಾಗ ಅವನು ಬಳಸುವ ಅಸ್ತ್ರ ನೋಡಿ: ನೀವು ಗಂಡಸರ ಲೆಕ್ಕದಲ್ಲಿದ್ದೀರೇನು? ಹೆಂಡತಿ ಕಲಿಸಿದ ಪಾಠ ಅದು. ಆದರೆ ಈ ಕೊಲೆಯ ಗುಟ್ಟನ್ನು ಅವಳಿಗೇ ಹೇಳುವುದಿಲ್ಲ. ಮಾಟಗಾತಿಯರೂ ಎರಡನೇ ಸಲ ಅವನನ್ನು ಹುಡುಕಿ ಬರುವುದಿಲ್ಲ, ಅವನೇ ಅವರನ್ನು ಹುಡುಕಿಕೊಂಡು ಹೋಗುತ್ತಾನೆ. ಫೈಫ್‌ನ ಒಡೆಯ ಮ್ಯಾಕ್‌ಡಫ್‌ನ ಬಗ್ಗೆ ಎಚ್ಚರ ಎಂದು ಅಲ್ಲಿ ಕೇಳುತ್ತಾನೆ. ಹೆಣ್ಣು ಹೆತ್ತ ಯಾರಿಂದಲೂ ನಿನಗೆ ಕೇಡಿಲ್ಲ ಎಂಬ ಮಾತು ಕೇಳಿದ ಮೇಲೂ ಅವನನ್ನು ಕೊಲ್ಲುವುದೇ ಸರಿ ಎಂದುಕೊಳ್ಳುತ್ತಾನೆ. ಮ್ಯಾಕ್‌ಡಫ್ ಇಂಗ್ಲೆಂಡಿಗೆ ಓಡಿದ್ದರಿಂದ ಮನೆಯಲ್ಲಿದ್ದ ಹೆಂಡತಿ ಮಕ್ಕಳನ್ನು ಕೊಲ್ಲಿಸುತ್ತಾನೆ. ಅದನ್ನು ಮಾಡು ಎಂದು ಯಾವ ಭವಿಷ್ಯವಾಣಿಯೂ ಹೇಳಿರಲಿಲ್ಲ. ಅವನನ್ನು ಕೊನೆಗೆ ಕೊಲ್ಲುವವನೂ ಅದೇ ಮ್ಯಾಕ್‌ಡಫ್, ತಾಯಿಯ ಹೊಟ್ಟೆ ಸೀಳಿ ಅವಧಿಗೆ ಮುಂಚೆ ತೆಗೆದ ಮಗು.

ಇತಿಹಾಸದ ಮ್ಯಾಕ್‌ಬೆತ್ ಹೀಗೇ ಇದ್ದನೇ?
— ಓದುಗರು, ಮೈಸೂರು

ಇಲ್ಲ. 1040ರಲ್ಲಿ ಡಂಕನ್ ಸತ್ತದ್ದು ಯುದ್ಧದಲ್ಲಿ, ಅತಿಥಿಯಾಗಿ ಹಾಸಿಗೆಯಲ್ಲಿ ಅಲ್ಲ. ಮ್ಯಾಕ್‌ಬೆತ್ 1057ರವರೆಗೆ, ಸುಮಾರು 17 ವರ್ಷ ಆಳಿದ. ಶೇಕ್ಸ್‌ಪಿಯರ್ ಬಳಸಿದ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಮಲಗಿದ್ದ ಅತಿಥಿರಾಜನ ಕೊಲೆ ಬೇರೊಬ್ಬ ದೊರೆಯ ಕಥೆ. ಅದನ್ನು ತಂದು ಇಲ್ಲಿ ಜೋಡಿಸಿದ್ದಾನೆ. ಆ ಚರಿತ್ರೆಯಲ್ಲಿ ಬ್ಯಾಂಕೋ ಕೂಡ ಸಂಚಿನಲ್ಲಿ ಪಾಲುದಾರ. ಆದರೆ 1603ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದ ಜೇಮ್ಸ್ ದೊರೆ ಬ್ಯಾಂಕೋನ ವಂಶದವನು ಎಂಬ ನಂಬಿಕೆಯಿತ್ತು. ದೊರೆಯ ಮೂಲಪುರುಷನನ್ನು ಕೊಲೆಗಡುಕನೆಂದು ರಂಗದ ಮೇಲೆ ತರುವುದುಂಟೇ? ಹೀಗೆ ಬ್ಯಾಂಕೋ ಶುದ್ಧನಾದ, ಸಂಚಿನಲ್ಲಿ ಮ್ಯಾಕ್‌ಬೆತ್‌ಗೆ ಹೆಂಡತಿಯೊಬ್ಬಳೇ ಉಳಿದಳು.