ಬಣ್ಣ ಏಕೆ ಎದ್ದಿತು? ಸಿಮೆಂಟ್ ಶಿಲ್ಪದ ಮೇಲೆ ಜ್ಯಾಮಿತಿ ಚಿತ್ರ

ಪ್ರಶ್ನೆ: ಸರಳು, ಚಿಕನ್ ಮೆಶ್ (ತೆಳು ತಂತಿಯ ಬಲೆ) ಕಟ್ಟಿ ಸಿಮೆಂಟ್ ಮೆತ್ತಿ ಮೂರಡಿ ಎತ್ತರದ, ಮೂಲೆಮೂಲೆಯಾದ ಶಿಲ್ಪ ಮಾಡಿದೆ. ಮರಳು ಕಡಲ ದಂಡೆಯದ್ದು. ವಾರ ಬಿಟ್ಟು ಎನಾಮಲ್ ಪೇಂಟಿನಲ್ಲಿ ತ್ರಿಕೋನ, ಚೌಕ ಬರೆದೆ. ಒಂದೇ ಮಳೆಗಾಲಕ್ಕೆ ಬಣ್ಣ ಗುಳ್ಳೆಯೆದ್ದು ಕಳಚಿತು, ಕಂದು ಕಲೆಯ ಬಿರುಕೂ ಬಿಟ್ಟಿತು. ತಪ್ಪಿದ್ದೆಲ್ಲಿ?
– ಓದುಗರು, ಕಾರವಾರ

ಉತ್ತರ: ಎರಡು ಕಡೆ ತಪ್ಪಿದೆ. ಬಿರುಕಿಗೆ ಕಾರಣ ಮರಳಿನ ಉಪ್ಪು. ಉಪ್ಪು ಸೇರಿದರೆ ಸಿಮೆಂಟಿನೊಳಗಿನ ತಂತಿಗೂ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಮೇಲಿನ ಪದರ ಸೀಳುತ್ತದೆ. ಪುಟ್ಟಿ ಹಚ್ಚಿ ಮುಚ್ಚಿದರೆ ಮುಂದಿನ ಮಳೆಗೆ ಪಕ್ಕದಲ್ಲೇ ಬಾಯಿಬಿಡುತ್ತದೆ. ಬೇಸರವಾದರೂ ಅಳತೆಗಳನ್ನು ಕಾಗದಕ್ಕೆ ಇಳಿಸಿಕೊಂಡು ಹೊಸದು ಕಟ್ಟುವುದೇ ಸರಿ.

ಈ ಸಲ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಇಲ್ಲವೇ ಸಿಹಿನೀರಿನ ಹೊಳೆಮರಳನ್ನು ಜರಡಿ ಹಿಡಿದು ಬಳಸಿ, ಮೆಶ್ ಜಿ.ಐ. (ಸತುವಿನ ಲೇಪವಿರುವುದು) ಇರಲಿ. 5 ಕಿಲೋ ಸಿಮೆಂಟಿಗೆ 10 ಕಿಲೋ ಒಣ ಮರಳು, 2 ಲೀಟರ್ ನೀರು. ನೀರು ಸಾಲದು ಅನ್ನಿಸುತ್ತದೆ, ಆದರೂ ಸುರಿಯಬೇಡಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಸೋರಬಾರದು. ರಬ್ಬರ್ ಗ್ಲೌಸ್ ಹಾಕಿ, ಗಾರೆ ಮೆಶ್‌ನ ಹಿಂದಕ್ಕೂ ತೂರುವಂತೆ ಹೆಬ್ಬೆರಳಿನಿಂದ ಒತ್ತಿ. ಕಡಲಗಾಳಿ ಬೀಸುವ ಊರಲ್ಲಿ ಮೆಶ್ ಮೇಲೆ 10 ಎಂ.ಎಂ. ಗಾರೆ ಇದ್ದರೆ ಒಳ್ಳೆಯದು. ಒಂದೇ ತಂತಿಯ ತುದಿ ಇಣುಕಿದರೂ ತುಕ್ಕು ಅಲ್ಲಿಂದಲೇ ಶುರು. 7 ದಿನ ಒದ್ದೆ ಗೋಣಿಚೀಲ ಸುತ್ತಿಡಿ. ಬಾವಿ ನೀರು ಉಪ್ಪಾಗಿದ್ದರೆ ಅದು ಬೇಡ.

ಇನ್ನು ಬಣ್ಣ. ಹೊಸ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ. ತೇವವೂ ಇದ್ದರೆ ಎನಾಮಲ್‌ನ ಎಣ್ಣೆ ಸಾಬೂನಾಗಿಬಿಡುತ್ತದೆ, ಹಿಡಿತ ಹೋಗುತ್ತದೆ. 28 ದಿನ ಕಾಯಿರಿ. ಆಮೇಲೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಅಂಟಿಸಿಡಿ. ಒಳಗೆ ಬೆವರಿದ್ದರೆ ಇನ್ನೂ ಕಾಯಬೇಕು. ನಂತರ ಅಕ್ರಿಲಿಕ್ ಪ್ರೈಮರ್ ಒಂದು ಕೈ, ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಎರಡು ಕೈ.

ಪ್ರಶ್ನೆ: ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರದ ಗೆರೆಗಳನ್ನು ಇಂಥ ಶಿಲ್ಪಕ್ಕೆ ತರಬೇಕು. ಮಾಸ್ಕಿಂಗ್ ಟೇಪ್ ಹಾಕಿದರೂ ಅಂಚಿನಡಿ ಬಣ್ಣ ನುಸುಳುತ್ತದೆ.
– ಓದುಗರು, ಶಿರಸಿ

ಉತ್ತರ: ಸಿಮೆಂಟ್ ಮೈ ಒರಟು, ಟೇಪಿನಡಿ ಸಣ್ಣ ಸಣ್ಣ ಕಾಲುವೆ ಉಳಿಯುತ್ತವೆ. ಮೊದಲು 120 ನಂಬರಿನ ಮರಳುಕಾಗದದಲ್ಲಿ ಉಜ್ಜಿ ಧೂಳು ಒರೆಸಿ. ಟೇಪ್ ಅಂಟಿಸಿ ಅಂಚನ್ನು ಉಗುರಿನಿಂದ ಒತ್ತಿದ ಮೇಲೆ ಹಿನ್ನೆಲೆಯ ಬಣ್ಣವನ್ನೇ ಅಂಚಿನ ಮೇಲೆ ತೆಳ್ಳಗೆ ಸವರಿ ಒಣಗಿಸಿ. ನುಸುಳುವುದೇನಿದ್ದರೂ ಹಿನ್ನೆಲೆ ಬಣ್ಣವೇ, ಕಣ್ಣಿಗೆ ಕಾಣದು, ಕಾಲುವೆಯೂ ಮುಚ್ಚುತ್ತದೆ. ಆಮೇಲೆ ಗೆರೆಯ ಬಣ್ಣ. ಪೂರ್ತಿ ಒಣಗುವ ಮೊದಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನ ಎಳೆಯಿರಿ.

ಗೆರೆ ಎಲ್ಲಿ ನಿಲ್ಲಬೇಕು ಎಂಬುದು ಟೇಪಿಗಿಂತ ದೊಡ್ಡ ವಿಷಯ. ಮೂಲೆ ದಾಟಿ ಹರಿದ ಗೆರೆ ಎರಡು ಮುಖಗಳನ್ನು ಹೊಲಿದಂತೆ ಒಂದು ಮಾಡಿ ಆಕಾರವನ್ನು ಚಪ್ಪಟೆಗೊಳಿಸುತ್ತದೆ. ಮೂಲೆಯಿಂದ ಅರ್ಧ ಇಂಚು ಈಚೆಗೇ ನಿಂತರೆ ನೆರಳು ಬೆಳಕಿಗೆ ಅವಕಾಶ ಸಿಗುತ್ತದೆ. ಹಸೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರು ಪುಂಡಿ ನಾರಿನ ಕುಂಚದಲ್ಲಿ ಟೇಪಿಲ್ಲದೆ ಎಳೆಯುವ ಗೆರೆಗಳನ್ನು ಹತ್ತಿರ ಕೂತು ನೋಡಿ. ಆ ಸಣ್ಣ ನಡುಕವನ್ನು ಕೆಲವು ಗೆರೆಗಳಿಗಾದರೂ ಉಳಿಸಿಕೊಳ್ಳಿ.

ಪ್ರಶ್ನೆ: ಅಕ್ರಿಲಿಕ್ ಪ್ರೈಮರ್ ಮೇಲೆ ಕಾವಿ ಕಲೆ ಮಾಡಬಹುದೇ?
– ಓದುಗರು, ಕುಮಟಾ

ಉತ್ತರ: ಬೇಡ. ಕಾವಿಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಹಸಿ ಇರುವಾಗಲೇ ಕೆರೆದು ಕೆಳಗಿನ ಬಿಳಿಯನ್ನು ತೆರೆಯುತ್ತಾರೆ. ಪ್ರೈಮರ್ ನೀರು ಹೀರುವುದಿಲ್ಲ, ಸುಣ್ಣ ಹಕ್ಕಳೆಯಾಗಿ ಕಳಚುತ್ತದೆ. ಕಾವಿಗೆಂದೇ ಒಂದು ಮುಖವನ್ನು ಪ್ರೈಮರ್ ಹಚ್ಚದೆ, ಗೀರುಗೀರಾಗಿ ಒರಟು ಬಿಡಿ.