ಓದುಗರ ಪ್ರಶ್ನೆ: ಮನೆಯ ಟಿವಿಯಲ್ಲಿ ಚಿತ್ರ ನೋಡಲು ಯಾವ ಪ್ಲೇಯರ್ ಹಿತ?

ಪ್ರಶ್ನೆ: ಹಾರ್ಡ್ ಡಿಸ್ಕಿನಲ್ಲಿರುವ ಸಿನಿಮಾಗಳನ್ನೂ ಹಳೆಯ ಮದುವೆ ವಿಡಿಯೊಗಳನ್ನೂ ಕಂಪ್ಯೂಟರನ್ನು ಟಿವಿಗೆ ಜೋಡಿಸಿ ನೋಡುತ್ತೇವೆ. ಕ್ಯಾಮೆರಾ ಪಕ್ಕಕ್ಕೆ ಸರಿಯುವಾಗ ಚಿತ್ರ ತಡವರಿಸುತ್ತದೆ. ಹೊಸ ಸಿನಿಮಾಗಳಲ್ಲಿ ಹೊಡೆದಾಟದ ಸದ್ದು ಜೋರಾಗಿದ್ದರೂ ಮಾತು ಕೇಳಿಸುವುದಿಲ್ಲ. ವಯಸ್ಸಾದ ತಂದೆಯವರೂ ಸಲೀಸಾಗಿ ಬಳಸಬಹುದಾದ ಪ್ಲೇಯರ್ ಯಾವುದು?
– ಓದುಗರು, ಶಿವಮೊಗ್ಗ

ಉತ್ತರ: ಫೈಲು ಕೆಟ್ಟಿದೆಯೆಂದು ಅಳಿಸಿಬಿಡಬೇಡಿ; ತಡವರಿಕೆಗೆ ಕಾರಣ ಬಹುತೇಕ ಬೇರೆಡೆ ಇರುತ್ತದೆ. ಸಿನಿಮಾವನ್ನು ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರಗಳಂತೆ ತೆಗೆಯುತ್ತಾರೆ, ಆದರೆ ಕಂಪ್ಯೂಟರ್ ಟಿವಿಗೆ ಸೆಕೆಂಡಿಗೆ 60 ಬಾರಿ ಚಿತ್ರ ಕಳಿಸುತ್ತಿರುತ್ತದೆ. ಒಂದು ಚಿತ್ರಕ್ಕೆ ಎರಡೂವರೆ ಸರದಿ ಕೊಡಲು ಸಾಧ್ಯವಿಲ್ಲದ ಕಾರಣ ಒಂದು ಚಿತ್ರ ಮೂರು ಸರದಿ, ಮುಂದಿನದು ಎರಡು ಸರದಿ ಪರದೆಯ ಮೇಲೆ ನಿಲ್ಲುತ್ತದೆ. ಪಾತ್ರಗಳು ಕುಳಿತು ಮಾತನಾಡುವಾಗ ಈ ಏರುಪೇರು ಗೊತ್ತಾಗುವುದಿಲ್ಲ. ಕ್ಯಾಮೆರಾ ನಿಧಾನವಾಗಿ ಬೆಟ್ಟದ ಸಾಲಿನುದ್ದಕ್ಕೂ ಸರಿದಾಗ ಕಣ್ಣಿಗೆ ಹೊಡೆಯುತ್ತದೆ. ಕೋಡಿ ಎಂಬ ಪ್ಲೇಯರಿನಲ್ಲಿ ವಿಡಿಯೊಗೆ ತಕ್ಕಂತೆ ಪರದೆಯ ರಿಫ್ರೆಶ್ ರೇಟನ್ನು (ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಾಗುತ್ತದೆ ಎಂಬ ಲೆಕ್ಕ, ಇದನ್ನು ಹರ್ಟ್ಸ್‌ನಲ್ಲಿ ಹೇಳುತ್ತಾರೆ) ತಾನಾಗಿಯೇ ಬದಲಿಸಿಕೊಳ್ಳುವ ಆಯ್ಕೆಯಿದೆ. ನಿಮ್ಮ ಟಿವಿಗೆ 24 ಹರ್ಟ್ಸ್ ಒಗ್ಗುವುದಾದರೆ ಅದೊಂದನ್ನು ಆನ್ ಮಾಡಿದರೆ ಸಾಕು. ಮದುವೆ ವಿಡಿಯೊಗಳ ಸಂಗತಿ ಬೇರೆ. ನಮ್ಮಲ್ಲಿ ಅವು ಬಹುತೇಕ ಪ್ಯಾಲ್ ಎಂಬ ಹಳೆಯ ಟಿವಿ ಪದ್ಧತಿಯವು, ಅಂದರೆ ಸೆಕೆಂಡಿಗೆ 25 ಚಿತ್ರ, ಅದೂ ಅರ್ಧರ್ಧ ಗೆರೆಗಳಾಗಿ ಹೆಣೆದದ್ದು. ಯಾರಾದರೂ ಕೈ ಬೀಸಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆಗಳು ಕಂಡರೆ ಪ್ಲೇಯರಿನಲ್ಲಿ ಆ ಅರ್ಧರ್ಧ ಗೆರೆಗಳನ್ನು ಪೂರ್ಣ ಚಿತ್ರವಾಗಿಸುವ ಡೀಇಂಟರ್ಲೇಸಿಂಗ್ ಆಯ್ಕೆಯನ್ನು ಆನ್ ಮಾಡಿ, ಪರದೆಯನ್ನು 50 ಹರ್ಟ್ಸ್‌ಗೆ ಇಡಿ.

ಮಾತು ಕೇಳಿಸದಿರುವುದಕ್ಕೆ ಕಾರಣ, ಹೊಸ ಚಿತ್ರಗಳ 5.1 ಧ್ವನಿಯಲ್ಲಿ (ಐದು ಸ್ಪೀಕರು, ಒಂದು ಸಬ್‌ವೂಫರಿಗೆಂದು ಬೇರೆಬೇರೆಯಾಗಿ ಹಂಚಿದ ಸದ್ದು) ಸಂಭಾಷಣೆ ಹೆಚ್ಚಾಗಿ ಮಧ್ಯದ ಸ್ಪೀಕರಿಗೆಂದೇ ಮೀಸಲಾಗಿರುವುದು. ಟಿವಿಯ ಎರಡೇ ಸ್ಪೀಕರುಗಳಿಗೆ ಎಲ್ಲವನ್ನೂ ಇಳಿಸಿದಾಗ ಅದು ಉಳಿದ ಸದ್ದಿನಲ್ಲಿ ಮುಳುಗುತ್ತದೆ. ವಿಎಲ್‌ಸಿ ಎಂಬ ಇನ್ನೊಂದು ಪ್ಲೇಯರಿನ ಟೂಲ್ಸ್ ಮೆನುವಿನಲ್ಲಿ ಎಫೆಕ್ಟ್ಸ್ ಅಂಡ್ ಫಿಲ್ಟರ್ಸ್ ತೆರೆದು, ಆಡಿಯೊ ವಿಭಾಗದಲ್ಲಿ ಕಂಪ್ರೆಸರ್ ಆನ್ ಮಾಡಿದರೆ ಜೋರು ಸದ್ದು ತಗ್ಗಿ ಮಾತು ಮೇಲೇಳುತ್ತದೆ.

ತಂದೆಯವರಿಗೆ ನಾನು ಹೇಳುವುದು ಕೋಡಿಯನ್ನೇ. ವಿಎಲ್‌ಸಿ 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೆಲಸವಾಗಿ ಹುಟ್ಟಿದ್ದು; ಕೊಟ್ಟ ಫೈಲನ್ನೆಲ್ಲ ಓಡಿಸುವುದರಲ್ಲಿ ಅದಕ್ಕೆ ಸಾಟಿ ಸಿಗುವುದು ಕಷ್ಟವಾದರೂ ಅದರ ಮೆನುಗಳು ಮೇಜಿನ ಮುಂದೆ ಮೌಸ್ ಹಿಡಿದು ಕೂತವರಿಗಾಗಿ ಇವೆ. ಕೋಡಿ 2002ರಲ್ಲಿ ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆಂದು ಆರಂಭವಾಯಿತು, ಆದ್ದರಿಂದಲೇ ಅದರ ಅಕ್ಷರಗಳು ಸೋಫಾದಿಂದ ಓದುವಷ್ಟು ದೊಡ್ಡವು, ಬಾಣದ ಗುಂಡಿಗಳಷ್ಟರಿಂದಲೇ ಎಲ್ಲ ಕೆಲಸ ಆಗುತ್ತದೆ. ನಿನ್ನೆ ಅರ್ಧಕ್ಕೆ ಬಿಟ್ಟ ಚಿತ್ರವನ್ನು ಇಂದು ತೆರೆದರೆ ಅಲ್ಲಿಂದಲೇ ಮುಂದುವರಿಸುವ ಆಯ್ಕೆಯನ್ನೂ ಕೊಡುತ್ತದೆ. ನೋಡುವವರ ನೆನಪಿನ ಭಾರವನ್ನು ಇಳಿಸುವ ಈ ಗುಣವನ್ನು ನಾನು ಚಿತ್ರದ ಸ್ಪಷ್ಟತೆಯಷ್ಟೇ ಮುಖ್ಯವೆಂದು ಎಣಿಸುತ್ತೇನೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಕೋಡಿ ಹಾಕಿ ಎಚ್‌ಡಿಎಂಐ ಕೇಬಲಿನಿಂದ ಜೋಡಿಸಿದರೆ, ಸಿಇಸಿ (ಎಚ್‌ಡಿಎಂಐ ಕೇಬಲಿನ ಮೂಲಕವೇ ರಿಮೋಟಿನ ಆದೇಶ ಸಾಗಿಸುವ) ಸೌಲಭ್ಯವಿರುವ ಟಿವಿಯ ರಿಮೋಟೇ ಅದನ್ನು ನಡೆಸುತ್ತದೆ. ತಂದೆಯವರು ಎರಡನೆಯ ರಿಮೋಟು ಹುಡುಕಬೇಕಾಗಿಲ್ಲ.

ಪ್ರಶ್ನೆ: ವಿಎಲ್‌ಸಿಯಲ್ಲಿ ಕನ್ನಡ ಸಬ್‌ಟೈಟಲ್ ಒಮ್ಮೆ ಚೌಕಗಳಾಗಿ, ಒಮ್ಮೆ ವಿಚಿತ್ರ ಅಕ್ಷರಗಳಾಗಿ ಕಾಣುತ್ತದೆ. ಏನು ಮಾಡಲಿ?
– ಓದುಗರು, ಪುಣೆ

ಉತ್ತರ: ಚೌಕಗಳು ಕಂಡರೆ ಫಾಂಟಿನಲ್ಲಿ ಕನ್ನಡವಿಲ್ಲವೆಂದು ಅರ್ಥ, ಪ್ರಿಫರೆನ್ಸಸ್‌ನ ಸಬ್‌ಟೈಟಲ್ ಪುಟದಲ್ಲಿ, ವಿಂಡೋಸ್ ಆದರೆ ನಿರ್ಮಲಾ ಯುಐ ಆರಿಸಿ. ವಿಚಿತ್ರ ಅಕ್ಷರಗಳು ಕಂಡರೆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ. ಅಲ್ಲಿ ಕನ್ನಡ ಸರಿಯಾಗಿದ್ದರೆ ಎನ್‌ಕೋಡಿಂಗ್ ಆಯ್ಕೆಯಲ್ಲಿ ಯುಟಿಎಫ್-8 ಆರಿಸಿ ಉಳಿಸಿ. ಅಲ್ಲಿಯೂ ಇಂಗ್ಲಿಷ್ ಅಕ್ಷರಗಳ ಗೋಜಲಿದ್ದರೆ ಅದು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೆ ಇರುವ ಏಕರೂಪದ ಸಂಕೇತ ಪದ್ಧತಿ) ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಬೆರಳಚ್ಚಿಸಿದ್ದಿರಬಹುದು, ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಸಾಲುಗಳು ಮಾತಿಗಿಂತ ಮುಂಚೆಯೇ ಬರುತ್ತಿದ್ದರೆ ಎಚ್ ಕೀಲಿಯನ್ನೂ ತಡವಾಗಿ ಬರುತ್ತಿದ್ದರೆ ಜಿ ಕೀಲಿಯನ್ನೂ ಒತ್ತಿ. ಒಂದೊಂದು ಒತ್ತಿಗೆ 50 ಮಿಲಿಸೆಕೆಂಡು ಸರಿಯುತ್ತದೆ.