ಕೆರೆಗೆ ಕಾರಂಜಿ ಬೇಕಾ, ಜೊಂಡು ಬೇಕಾ?

ಪ್ರಶ್ನೆ: ರಾಜಕಾಲುವೆಗೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಪ್ರತಿ ವರ್ಷ ಕೋಟಿಗಟ್ಟಲೆ ಖರ್ಚು ಎನ್ನುತ್ತಾರೆ. ಆದರೂ ನಮ್ಮ ಮನೆಗೆ ನೀರು ನುಗ್ಗುತ್ತದೆ. ಈ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿ ಹೋಗುತ್ತದೆ?
– ಓದುಗರೊಬ್ಬರು, ಹೊರಮಾವು, ಬೆಂಗಳೂರು

ಉತ್ತರ: ಮೂವತ್ತು ವರ್ಷ ಮೋರಿ, ಕಾಲುವೆ ಕೆಲಸ ಮಾಡಿಸಿದವನು ನಾನು. ಜೋರು ಮಳೆ ಬಂದ ರಾತ್ರಿ ಈಗಲೂ ನಿದ್ದೆ ಬರುವುದಿಲ್ಲ.

ದುಡ್ಡು ನಿಮ್ಮ ಆಸ್ತಿ ತೆರಿಗೆಯಿಂದ, ರಾಜ್ಯದ ಅನುದಾನದಿಂದ, ಸಾಲದಿಂದ ಬರುತ್ತದೆ. ಕೇಂದ್ರದ್ದೂ ಇದೆ. 15ನೇ ಹಣಕಾಸು ಆಯೋಗ ನಗರಗಳ ನೆರೆ ತಡೆಯಲು ಏಳು ಊರುಗಳಿಗೆ 2,500 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ ಬೆಂಗಳೂರಿನ ಪಾಲು 250 ಕೋಟಿ.

ಹೆಚ್ಚಿನದು ಕಾಂಕ್ರೀಟ್ ಗೋಡೆಗೆ ಹೋಗುತ್ತದೆ. ಗೋಡೆ ಕಟ್ಟಿದರೆ ನೀರು ಬೇಗ ಓಡುತ್ತದೆ, ನಿಜ. ಆದರೆ ಓಡಿ ಎಲ್ಲಿಗೆ ಹೋಗಬೇಕು? ಮುಂದೆ ಒಂದು ಕಿರಿದಾದ ಕಿಂಡಿ ಸಿಕ್ಕರೆ ಅಲ್ಲೇ ನಿಂತು, ಹಿಂದಕ್ಕೆ ಬಂದು, ಮನೆಗಳಿಗೆ ನುಗ್ಗುತ್ತದೆ. ನಿಮ್ಮ ಪಕ್ಕದ ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮುಳುಗಿದಾಗ ಎಲ್ಲರೂ ಬೊಟ್ಟು ಮಾಡಿದ್ದು ರೈಲ್ವೆ ಹಳಿ ಕೆಳಗಿನ ಕಿಂಡಿಯ ಕಡೆಗೇ. ಅದಕ್ಕೇ ಕಾಲುವೆ ಕೆಲಸ ಕೆಳಗಿನ ಕೆರೆಯಿಂದ ಶುರುವಾಗಿ ಮೇಲಕ್ಕೆ ಬರಬೇಕು. ನಮ್ಮಲ್ಲಿ ವಾರ್ಡ್ ಲೆಕ್ಕದಲ್ಲಿ ತುಂಡು ತುಂಡಾಗಿ ನಡೆಯುತ್ತದೆ. ನೀರಿಗೆ ವಾರ್ಡ್ ಗೊತ್ತಿಲ್ಲವಲ್ಲ!

ಮುಂದಿನ ಸಭೆಯಲ್ಲಿ ಗೋಡೆ ಎಷ್ಟು ಮೀಟರ್ ಎಂದು ಕೇಳಬೇಡಿ. ಗಂಟೆಗೆ ಎಷ್ಟು ಮಿಲಿಮೀಟರ್ ಮಳೆಗೆ ಲೆಕ್ಕ ಹಾಕಿದ್ದೀರಿ, ನಮ್ಮ ಕೆಳಗಿನ ಅತಿ ಕಿರಿದಾದ ಮೋರಿ ಯಾವುದು, ಹೂಳು ತೆಗೆಯಲು ಈ ವರ್ಷ ಎಷ್ಟು ಇಟ್ಟಿದ್ದೀರಿ ಎಂದು ಕೇಳಿ.

ಇನ್ನೊಂದು ಮಾತು. 30×40 ಸೈಟಿನ ಮೇಲೆ 6 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 6,700 ಲೀಟರ್ ನೀರು. ನಿಮ್ಮ ಬೀದಿಯ ಪ್ರತಿ ಮನೆಯೂ ಒಂದು ಟ್ಯಾಂಕರ್ ನೀರನ್ನು ಒಟ್ಟಿಗೇ ರಸ್ತೆಗೆ ಸುರಿದ ಹಾಗೆ. ಅದರಲ್ಲಿ ಸ್ವಲ್ಪವಾದರೂ ಇಂಗುಗುಂಡಿಗೆ ಹೋಗಲಿ.

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಗೆ ಒಂದು ಕಂಪನಿ ಸಿಎಸ್‌ಆರ್ ಹಣ (ಸಮಾಜದ ಕೆಲಸಕ್ಕೆಂದು ಕಂಪನಿ ತೆಗೆದಿಡುವ ಹಣ) ಕೊಡುತ್ತೇನೆಂದಿದೆ. ಕಾರಂಜಿ, ವಾಕಿಂಗ್ ಪಾತ್ ಮಾಡಿಸೋಣ ಎನ್ನುತ್ತಿದ್ದಾರೆ. ಸರೀನಾ?
– ಓದುಗರೊಬ್ಬರು, ಯಲಹಂಕ

ಉತ್ತರ: ದಯವಿಟ್ಟು ಕಾರಂಜಿ ಬೇಡ. ಒಂದು ಭಾನುವಾರ ಜಕ್ಕೂರು ಕೆರೆಗೆ ಹೋಗಿ ಬನ್ನಿ, ನಿಮಗೆ ಹತ್ತಿರವೇ. ಅಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾಯುತ್ತದೆ. ಘಟಕದಲ್ಲಿ ಉಳಿದುಹೋದ ಸಾರಜನಕ, ರಂಜಕವನ್ನು ಗಿಡ, ಬೇರಿನ ಸೂಕ್ಷ್ಮಜೀವಿಗಳು ಹೀರುತ್ತವೆ, ಕೆಸರು ತಳ ಸೇರುತ್ತದೆ. ಆಮೇಲೆ ಕೆರೆ, ಅಲ್ಲಿಂದ ರಾಚೇನಹಳ್ಳಿ ಕೆರೆ. ಸುತ್ತಲಿನ ಬಾವಿಗಳಲ್ಲೂ ನೀರು ಬಂತು. ಇನ್ನೊಂದು ಕಡೆ ಬೆಳ್ಳಂದೂರು ನೋಡಿ. ಕೊಳಚೆ ನೇರ ಬಿದ್ದು ನೊರೆ ಎದ್ದಿತು, 2017ರ ಫೆಬ್ರವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ಕೆರೆಯಲ್ಲಿ ಜೊಂಡನ್ನೆಲ್ಲ ಕಸ ಎಂದು ಕಿತ್ತು, ತಳವನ್ನು ಬಟ್ಟಲಿನ ಹಾಗೆ ಕೆತ್ತಿ, ಸುತ್ತ ಕಲ್ಲು ಕಟ್ಟಿಸುವ ಅಂದಾಜಿಗೆ ಸಹಿ ಹಾಕಿದವನು ನಾನೇ. ಎರಡನೇ ಬೇಸಿಗೆಗೆ ನೀರು ಹಸಿರಾಗಿ ನಾರತೊಡಗಿತು. ದಡದ ಆಳವಿಲ್ಲದ ಕಡೆ ಇಲ್ಲವಾಗಿ ಕೊಕ್ಕರೆಗಳೂ ಬರಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಹಾಗಾಗಿ ಕಂಪನಿಯ ಹಣವನ್ನು ನೀರು ಒಳಬರುವ ಜಾಗಕ್ಕೆ ಹಾಕಿ. ಕಸ ತಡೆಯುವ ಜಾಲರಿ, ಹೂಳಿಗೆ ಒಂದು ಗುಂಡಿ, ಅದರ ಹಿಂದೆ ಜೊಂಡಿನ ಜೌಗು. ಯಾರ ಮನೆಯ ಚರಂಡಿ ಪೈಪು ಕಾಲುವೆಗೆ ಸೇರಿದೆ ಎಂದು ಮೊದಲೇ ನಡೆದು ನೋಡಿ, ಜಲಮಂಡಳಿಗೆ ಬರೆಯಿರಿ. ಅದು ನಿಲ್ಲದೆ ಜೊಂಡೊಂದೇ ಏನೂ ಮಾಡಲಾರದು.

ಕಂಪನಿಗಳು ಒಂದು ಸಲ ಕೊಟ್ಟು, ಫಲಕ ಹಾಕಿಸಿ ಹೋಗುವುದೇ ಜಾಸ್ತಿ. ಐದು ವರ್ಷದ ನಿರ್ವಹಣೆಯ ಹಣವನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಿ. ಜೊಂಡನ್ನು ಆಗಾಗ ಕೊಯ್ದು ಹೊರಗೆ ಸಾಗಿಸಬೇಕು. ಕೊಳೆಯಲು ಬಿಟ್ಟರೆ ಹೀರಿದ್ದೆಲ್ಲ ಮತ್ತೆ ನೀರಿಗೇ ಸೇರುತ್ತದೆ. ಹಿಂದೆ ತೂಬು, ಕೋಡಿ ನೋಡಿಕೊಳ್ಳಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ, ಅಲ್ವಾ? ಅಂಥ ಒಬ್ಬರಿಗೆ ತಿಂಗಳ ಸಂಬಳ ಕೊಡಿ.

ಇಷ್ಟಾಗಿ ಹಣ ಉಳಿದರೆ ಏರಿಯ ಮೇಲೆ ದಾರಿ ಮಾಡಿಸಿ. ಮಣ್ಣಿನದೇ ಸಾಕು.